ಜೆ, ವಿ, ಕೆ ಇರುವ ಪದ

"ಓಣಿ ಸಣ್ಣದೈತಿ. ಕಂಬದ ಹತ್ರ ಎಡಕ್ಕ ವಾಲಿಸ್ರಿ. ಹಾಂ, ನಿಧಾನ!"

ಮಿಲ್ಲಿನ ಹಿರಿಯ ಹಮಾಲ ಬುಡ್ಡೇಸಾಬ್ ಮುಂದೆ ನಿಂತು ಹೇಳಿದಂತೆ ನಾಲ್ವರು ಹಮಾಲರು ಚಟ್ಟವನ್ನು ತುಸು ಓರೆ ಮಾಡಿ, ಕರೆಂಟಿನ ಕಂಬಕ್ಕೆ ಒಂದು ಹೂವೂ ತಾಗದಂತೆ ದಾಟಿಸಿದರು. ಅಂಬಪ್ಪ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ನಲವತ್ತು ವರ್ಷ ಚೀಲ ಹೊತ್ತವನು. ಅವನನ್ನು ಹೊರುವ ಕೆಲಸವನ್ನು ಮಿಲ್ಲಿನವರು ಬೇರೆಯವರಿಗೆ ಬಿಟ್ಟುಕೊಡುವ ಮಾತೇ ಇರಲಿಲ್ಲ. ಮುಕ್ಕುಂದದಿಂದ ಬಂದ ಅಣ್ಣನ ಮಕ್ಕಳು ಹೆಗಲು ಕೊಡಲು ಬಂದಾಗ, "ನಿಮಗ ರೂಢಿ ಇಲ್ರೀ, ಅಲುಗಾಡಿಸ್ತೀರಿ" ಎಂದು ದುರುಗೇಶ ಅವರನ್ನು ಮೆಲ್ಲಗೆ ಹಿಂದೆ ಸರಿಸಿದ್ದ. ಮೂವತ್ತರ ಈ ದುರುಗೇಶನಿಗೆ ಚೀಲ ಹೊರುವುದನ್ನು ಕಲಿಸಿದ್ದೇ ಅಂಬಪ್ಪ.

ಚಟ್ಟದ ಹಿಂದೆ ಅಂಬಪ್ಪನ ಹೆಂಡತಿ ಗಾಳೆಮ್ಮ ಮಗಳು ಭಾರತಿಯ ತೋಳು ಹಿಡಿದು ನಡೆಯುತ್ತಿದ್ದಳು. ಮಗಳ ಮುಷ್ಟಿ ಬೆಳಗಿನಿಂದ ಬಿಚ್ಚಿಯೇ ಇರಲಿಲ್ಲ.

"ಕೈಯಾಗ ಏನೈತೆವ್ವಾ?"

"ಒಂದು ಚೀಟಿ ಬೇ. ಅಪ್ಪಗ ಕೊಡೋದೈತಿ."

ಗಾಳೆಮ್ಮ ಮತ್ತೆ ಕೇಳಲಿಲ್ಲ. ಅಪ್ಪ ಮಗಳ ನಡುವಿನ ಚೀಟಿ ಎಂದರೆ ಅದರಲ್ಲಿ ಇಂಗ್ಲಿಷೇ ಇರಬೇಕೆಂದು ಅವಳಿಗೆ ಗೊತ್ತಿತ್ತು.

*

ಅಂಬಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಚೀಲಗಳ ಮೇಲೆ ವ್ಯಾಪಾರಿಗಳು ಬಣ್ಣದಲ್ಲಿ ಹೊಡೆಸುವ ಗುರುತುಗಳನ್ನು ನೋಡಿ ನೋಡಿಯೇ ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರ ಕಲಿತಿದ್ದ. ಪದ ಓದಲು ಬಾರದು, ಆದರೆ ಅಕ್ಷರ ಮಾತ್ರ ಒಂದೂ ತಪ್ಪದು. ದಿನಾ ಸಂಜೆ ಯಾವುದೋ ಮೂರು ಚೀಲಗಳಿಂದ ಮೂರು ಅಕ್ಷರ ನೆನಪಿಟ್ಟುಕೊಂಡು ಮನೆಗೆ ತರುತ್ತಿದ್ದ. ಅವನ ಊಟ ಮುಗಿಯುವುದರೊಳಗೆ ಆ ಮೂರೂ ಇರುವ ಒಂದು ಇಂಗ್ಲಿಷ್ ಪದವನ್ನು ಭಾರತಿ ಪಾಟಿಯ ಮೇಲೆ ಬರೆಯಬೇಕು. ಬಿ, ಆರ್, ಡಿ ಕೊಟ್ಟರೆ ಬರ್ಡ್. ಎಂ, ಟಿ, ಎನ್ ಕೊಟ್ಟರೆ ಮೌಂಟನ್. ಅವನು ಕೈ ತೊಳೆದು ಬಂದು, ಪಾಟಿಯ ಮೇಲೆ ಬೆರಳಾಡಿಸಿ, ತನ್ನ ಮೂರೂ ಅಕ್ಷರ ಅಲ್ಲಿವೆಯೇ ಎಂದು ಹುಡುಕುತ್ತಿದ್ದ. ಆಮೇಲೆ ಒಂದೇ ಪ್ರಶ್ನೆ:

"ಅರ್ಥ?"

ಅರ್ಥ ಹೇಳದ ಪದ ಅವನಿಗೆ ಖಾಲಿ ಚೀಲ. ಅರ್ಥ ಸಿಕ್ಕರೆ ಮರುದಿನ ಮಿಲ್ಲಿನವರೆಲ್ಲರ ಮುಂದೆ ಮಗಳ ಬಗ್ಗೆ ಜಂಬ ಕೊಚ್ಚಿಕೊಳ್ಳುವುದೇ ಕೊಚ್ಚಿಕೊಳ್ಳುವುದು.

ಭಾರತಿ ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಅವನು ಜೆ, ವಿ, ಕೆ ತಂದ. ರೊಟ್ಟಿ ಮುಗಿಯಿತು, ಅನ್ನ ಮುಗಿಯಿತು. ಅವನು ಮಜ್ಜಿಗೆಯ ತಂಬಿಗೆ ಎತ್ತಿದರೂ ಪಾಟಿ ಖಾಲಿ. ವರ್ಷದಿಂದ ಒಮ್ಮೆಯೂ ಸೋಲದ ಹುಡುಗಿಗೆ ಸೋಲಲು ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿ ಏನೋ ಒಂದು ಬರೆದು, "ಜೋವೆಕ್" ಎಂದಳು.

ಅಂಬಪ್ಪ ಬೆರಳಾಡಿಸಿದ. ಮೂರೂ ಇದ್ದವು.

"ಅರ್ಥ?"

ಅವನ ಇನ್ನೊಂದು ಕೈ ಹೆಗಲು ತಿಕ್ಕುತ್ತಿತ್ತು. ಭಾರತಿ ಅದನ್ನೇ ನೋಡುತ್ತ ಬಾಯಿಗೆ ಬಂದದ್ದು ಹೇಳಿದಳು: "ಚೀಲ ಇಳಿಸಿದ ಮ್ಯಾಲೂ ಹೆಗಲಾಗ ಭಾರ ಉಳೀತದಲ್ಲ ಯಪ್ಪಾ, ಅದು."

ಅವನು ತಿಕ್ಕುವುದನ್ನು ನಿಲ್ಲಿಸಿದ.

"ಅದಕ್ಕೂ ಹೆಸರಿಟ್ಟಾರೇನು? ಭಾಳ ಶಾಣ್ಯಾ ಮಂದಿ ಬಿಡು ಅವರು!"

ಆ ಮುಖದ ಖುಷಿ ನೋಡಿದ ಮೇಲೆ ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ದೊಡ್ಡವಳಾಗಿ ಲಿಂಗಸುಗೂರಿನ ತಹಸೀಲ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ, ಅಲ್ಲಿನ ದಪ್ಪ ಡಿಕ್ಷನರಿಯಲ್ಲಿ ಜೆ, ವಿ, ಕೆ ಮೂರೂ ಇರುವ ಒಂದು ಅಸಲಿ ಪದ ಸಿಕ್ಕಿತು: ಜ್ಯಾಕ್‌ನೈವ್ಸ್, ಮಡಚುವ ಚಾಕುಗಳು. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಪ್ರತಿ ಭಾನುವಾರ ಸಿಂಧನೂರಿನ ಬಸ್ಸು ಹತ್ತುವಾಗ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುವಳು, ಸಂಜೆ ಹಾಗೆಯೇ ಮರಳುವಳು. ಹೀಗೇ ಹದಿನೈದು ವರ್ಷ ಕಳೆದವು. ಮೊನ್ನೆಯ ಭಾನುವಾರವೂ ಹಾಗೆಯೇ ಹೋಯಿತು.

*

ದಾರಿಯ ಬೇವಿನ ಮರದ ಕೆಳಗೆ ಚಟ್ಟ ಇಳಿಸಿ ಹೆಗಲು ಬದಲಿಸುವಾಗ ಭಾರತಿ ಬುಡ್ಡೇಸಾಬನ ಹತ್ತಿರ ಬಂದಳು.

"ಚಾಚಾ, ಮಣ್ಣ ಕೊಡೋಕಿಂತ ಮೊದಲ ಅಪ್ಪನ ಕಿವ್ಯಾಗ ಒಂದು ಮಾತು ಹೇಳೋದೈತಿ. ಒಂದು ಸುಳ್ಳು ಹೇಳಿದ್ನಿ ಅವಗ."

"ಹೇಳುವಂತಿ ಬೇಟಿ. ಕುಣ್ಯಾಗ ಇಳಿಸಿದ ಮ್ಯಾಲೆ ನಾನಽ ಕರೀತೀನಿ."

ಕುಣಿಯಲ್ಲಿಯೂ ಹಮಾಲರದೇ ಕೈ. ಅಂಬಪ್ಪನನ್ನು ಸದ್ದಿಲ್ಲದೆ ಒಳಗಿಟ್ಟು ಅವರು ಮೇಲೆ ಬಂದರು. ದುರುಗೇಶ ಹೆಗಲ ಮೇಲಿನ ಟವೆಲ್ ತೆಗೆದು ಅಲ್ಲಿಯೇ ತಿಕ್ಕಿಕೊಂಡ.

"ಚಾಚಾ, ಇವತ್ತಿನ ಜೋವೆಕ್ಕು ಲಗೂ ಇಳಿಯಂಗಿಲ್ಲ."

"ಯಾಂಗ ಇಳೀತದ?" ಎಂದ ಬುಡ್ಡೇಸಾಬ್.

ಭಾರತಿ ನಿಂತಲ್ಲೇ ನಿಂತಳು. "ಏನಂದಿ ದುರುಗೇಶ?"

"ಜೋವೆಕ್ಕುರೀ ಅಕ್ಕಾರ. ಚೀಲ ಇಳಿಸಿದ ಮ್ಯಾಲೂ ಹೆಗಲಾಗ ಭಾರ ಉಳೀತದಲ್ರೀ, ಅದು. ಆಫೀಸಿನ್ಯಾಗ ಕುಂತು ಕೆಲಸ ಮಾಡೋರಿಗೆ ಗೊತ್ತಿರಂಗಿಲ್ಲ ಬಿಡ್ರಿ. ನಮ್ಮ ಹಮಾಲರ ಮಾತದು. ಮಸ್ಕಿ ಬಜಾರದಾಗೂ ಹಂಗಽ ಅಂತಾರ."

ಭಾರತಿಗೆ ತಡೆಯಲಾಗಲಿಲ್ಲ. "ಚಾಚಾ, ಅದಽ ನಾ ಹೇಳಿದ ಸುಳ್ಳು! ಇಂಗ್ಲಿಷಿನ್ಯಾಗ ಅಂಥಾ ಪದಾನ ಇಲ್ಲ."

"ಗೊತ್ತೈತಿ," ಎಂದ ಬುಡ್ಡೇಸಾಬ್, ಏನೂ ಆಗದವನಂತೆ. "ಮರುದಿನಾನ ನಮ್ಮ ಗುಮಾಸ್ತ ಡಿಕ್ಷನರಿ ತೆಗೆದು ನೋಡಿದ್ದ. ಇರಲಿಲ್ಲ. ನಾವೆಲ್ಲಾ ನಿಮ್ಮಪ್ಪಗ ನಕ್ಕಿದ್ವಿ."

"ಅಪ್ಪ ಏನಂದ?"

"'ಆ ಬುಕ್ಕ ಬರದಾಂವ ಎಂದೂ ಚೀಲ ಹೊತ್ತಿಲ್ಲ, ಅದಕ್ಕ ಬಿಟ್ಟಾನ. ನನ್ನ ಮಗಳು ನನ್ನ ಹೆಗಲ ನೋಡ್ಯಾಳ' ಅಂದ. ಆವತ್ತಿಂದ ನಾವೂ ಅದನ್ನಽ ಅನ್ನಾಕತ್ತೀವಿ." ಅವನು ಕೈ ಚಾಚಿದ. "ಬಾ ಬೇಟಿ. ಏನೋ ಹೇಳೋದೈತಿ ಅಂದಿದ್ದೆಲ್ಲ?"

ಭಾರತಿ ಕುಣಿಯ ಅಂಚಿನಲ್ಲಿ ಮಂಡಿಯೂರಿದಳು. ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಲೇ ಬಂತು. ಅಪ್ಪನ ಕಿವಿಗೆ ಹೇಳಲು ಈಗ ಏನೂ ಉಳಿದಿರಲಿಲ್ಲ. ಮಡಚುವ ಚಾಕುಗಳ ಚೀಟಿಯನ್ನು ಸೆರಗಿಗೆ ಗಂಟು ಹಾಕಿ, ಖಾಲಿಯಾದ ಮುಷ್ಟಿಯ ತುಂಬ ಮಣ್ಣು ತೆಗೆದು ಹಾಕಿದಳು.

ಆಮೇಲೆ ಎದ್ದು ಹಮಾಲರ ಸಾಲಿನಲ್ಲಿ ದುರುಗೇಶನ ಪಕ್ಕ ನಿಂತಳು. ಇಡೀ ದಿನ ಅವಳು ಏನನ್ನೂ ಹೊತ್ತಿರಲಿಲ್ಲ. ಆದರೂ ಅವಳ ಮಣ್ಣುಗೈ ಎಡ ಹೆಗಲಿಗೆ ಹೋಗಿ, ಅಲ್ಲಿಯೇ ನಿಧಾನವಾಗಿ ತಿಕ್ಕತೊಡಗಿತು.