ಕೊನೆಯ ಫಾರಂ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಾನು ಪುಸ್ತಕ ಹೊಲಿಯುವವಳು. ಬೈಂಡಿಂಗ್ ಅಂಗಡಿ ಸೇರಿ ಇಪ್ಪತ್ತೆರಡು ವರ್ಷವಾಯಿತು. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟ. ಅದಕ್ಕೆ ನಾವು ಫಾರಂ ಅನ್ನುತ್ತೇವೆ. ಫಾರಂ ಮೇಲೆ ಫಾರಂ ಇಟ್ಟು ಹೊಲಿದರೆ ಪುಸ್ತಕ. ಒಳಗೇನು ಬರೆದಿದೆ ಎಂದು ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ.

ನನ್ನ ಮಗಳು ನೋಡುವುದೆಲ್ಲ ಒಳಗೇ. ಹನ್ನೆರಡು ವರ್ಷ. ಮಂತ್ರದ ಕತ್ತಿ, ಮಾತಾಡುವ ಬೆಟ್ಟ, ರೆಕ್ಕೆಯ ಕುದುರೆ ಇರುವ ಪುಸ್ತಕವೇ ಆಗಬೇಕು, ಇಟ್ಟಿಗೆಯಷ್ಟು ದಪ್ಪವೂ ಇರಬೇಕು. ಹತ್ತು ಸಲ ಕರೆದರೆ ಒಂದು ಸಲ ಹೂಂ ಅನ್ನುತ್ತಾಳೆ. ಗಣಿತದ ಪರೀಕ್ಷೆಗೆ ಎಂಟು ದಿನ ಉಳಿದಿತ್ತು.

"ಅಂಥದ್ದೇನಿದೆ ಅದರಲ್ಲಿ?"

"ಒಬ್ಬಳು ಹುಡುಗಿ ಅವಳ ಅಮ್ಮನ್ನ ಹುಡುಕ್ತಾ ಇದಾಳೆ. ಮಂಜಿನ ರಾಣಿ ಎತ್ಕೊಂಡು ಹೋಗಿದಾಳೆ."

"ನಿನ್ನಮ್ಮ ಇಲ್ಲೇ ಪಾತ್ರೆ ತೊಳೀತಾ ಇದಾಳೆ. ಹುಡುಕೋದು ಬೇಡ, ಬಂದು ಒರೆಸು."

ನಕ್ಕಳು. ಏಳಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಅವಳು ಸ್ನಾನಕ್ಕೆ ಹೋದಾಗ ಬ್ಲೇಡು ತೆಗೆದುಕೊಂಡು ಹೊಲಿಗೆ ಕತ್ತರಿಸಿ, ಕೊನೆಯ ಫಾರಂ ಎಳೆದು, ದಾರ ಬಿಗಿದು ರಟ್ಟಿಗೆ ಅಂಟು ಹಚ್ಚಿದೆ. ಕೊನೆ ಕಾಣದೆ ಕಿರುಚಾಡಿಕೊಂಡು ಬರಲಿ, ಪರೀಕ್ಷೆ ಮುಗಿಸು ಕೊಡುತ್ತೇನೆ ಅಂದರಾಯಿತು. ಇದು ನನ್ನ ಲೆಕ್ಕ.

ಅವಳು ಕಿರುಚಲಿಲ್ಲ. ಮೂರನೇ ದಿನ ತೆಪ್ಪಗೆ ಪುಸ್ತಕವನ್ನು ಲೈಬ್ರರಿಗೆ ಕೊಟ್ಟು ಬಂದಳು. ಕಥೆ ಓದುವುದು ಬಿಟ್ಟಳು, ಒಳ್ಳೆಯದೇ ಆಯಿತು ಅಂದುಕೊಂಡೆ.

ಮಾರನೇ ದಿನ ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ನಮ್ಮ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ನನ್ನನ್ನು ನೋಡಿದಳು, ಹೋದಳು. ಅದರ ಮರುದಿನವೂ ಅಷ್ಟೇ. ಕಾಗದ ಕತ್ತರಿಸುವ ಕಟಿಂಗ್ ಅಣ್ಣ ನಕ್ಕ. "ಏನಕ್ಕಾ, ನಿಮ್ಮ ಮೇಡಮ್ಮು ಹಾಜರಿ ತಗೊಂಡು ಹೋದ್ರಲ್ಲ."

ನನಗೆ ನಗು ಬರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಈಗ ನಾನು ನೀರು ತರಲು ಹೋಗಿ ಎರಡು ನಿಮಿಷ ತಡವಾದರೆ ಅಮ್ಮಾ ಎಂದು ಕೂಗುತ್ತಿದ್ದಳು. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ. ಗದರಿದೆ: "ಏನಾಗಿದೆಯೇ ನಿನಗೆ?"

"ಏನಿಲ್ಲ. ನೀನು ಇದೀಯಾ ಅಂತ ನೋಡಿದೆ."

ಅಮ್ಮನನ್ನು ಹುಡುಕುವ ಆ ಕಥೆಯ ಹುಡುಗಿ ನೆನಪಾದಳು. ಮರುದಿನ ಕೆಲಸದ ನಡುವೆ ಚೀಲದಿಂದ ಆ ಫಾರಂ ತೆಗೆದೆ. ಹೊಸ ಅಧ್ಯಾಯದಿಂದಲೇ ಶುರುವಾಗಿತ್ತು. ಅಂದರೆ ಅದರ ಹಿಂದಿನ ಪುಟ ಪೂರ್ಣವಿರಾಮ ಹಾಕಿಕೊಂಡು ನಿಂತಿದೆ. ವಾಕ್ಯ ಅರ್ಧಕ್ಕೆ ತುಂಡಾಗಿದ್ದರೆ ಹಾಳೆ ಹೋಗಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಹದಿನಾರೂ ಪುಟ ಓದಿದೆ.

ಅಂದು ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಬಂದವಳ ರಟ್ಟೆ ಹಿಡಿದು ಒಳಗೆ ಕೂರಿಸಿದೆ. "ಆ ಕಥೆ ಹೇಗೆ ಮುಗೀತು?"

"ಅಮ್ಮ ಸಿಗಲ್ಲ. ಕೋಣೆ ಬಾಗಿಲು ತೆಗೀತಾಳೆ, ಒಳಗೆ ಯಾರೂ ಇಲ್ಲ. ಅಷ್ಟೇ."

"ಅಷ್ಟೇ ಅಲ್ಲ. ಇನ್ನೂ ಹದಿನಾರು ಪುಟ ಇದೆ. ನಾನು ಕಿತ್ತಿಟ್ಟೆ."

ಫಾರಂ ನೋಡಿದಳು, ನನ್ನನ್ನು ನೋಡಿದಳು. "ನೀನಾ?"

"ನಾನೇ."

"ಸಿಗ್ತಾಳಾ?"

"ಸಿಗ್ತಾಳೆ. ಆ ಕೋಣೆಗೆ ಇನ್ನೊಂದು ಬಾಗಿಲಿದೆ."

ಅತ್ತಿದ್ದರೆ ಸರಿಹೋಗುತ್ತಿತ್ತು. ಮುಖ ಬಿಳುಚಿಕೊಂಡಿತು. "ಅಮ್ಮ, ಪುಸ್ತಕ ಈಗ ಟೈಲರ್ ಅಜ್ಜನ ಮೊಮ್ಮಗಳ ಹತ್ರ ಇದೆ. ನಾನೇ ಓದು ಅಂತ ಹೇಳಿದ್ದೆ. ಅವಳಿಗೆ ಅಮ್ಮ ಇಲ್ಲ."

ಸೂಜಿ ದಾರ ತೆಗೆದುಕೊಂಡು ಎದ್ದೆ. ಕಟಿಂಗ್ ಅಣ್ಣ ಕೇಳಿದ, "ಎಲ್ಲಿಗಕ್ಕಾ, ಬೆಂಕಿ ಬಿದ್ದಿದೆಯಾ?"

"ಹೂಂ. ನಾನೇ ಹಚ್ಚಿದ್ದು."

ಮೂರು ಬೀದಿ ಓಡಿದೆವು. ನನ್ನ ಉಸಿರು ನನಗೇ ಕೇಳುತ್ತಿತ್ತು. ಟೈಲರ್ ಅಂಗಡಿಯಲ್ಲಿ, ಚಿಂದಿ ಬಟ್ಟೆಯ ಗುಡ್ಡೆಯ ಮೇಲೆ ಆ ಮಗು ಕೂತಿತ್ತು. ಒಂಬತ್ತು ವರ್ಷವಿರಬಹುದು. ತೆರೆದ ಪುಸ್ತಕದ ಎಡಭಾಗ ದಪ್ಪ, ಬಲಕ್ಕೆ ಒಂದೇ ಹಾಳೆ. ನನ್ನ ಮಗಳು ಹೋದವಳೇ ಪುಟದ ಮೇಲೆ ಕೈ ಅಡ್ಡ ಇಟ್ಟಳು.

"ಎಲ್ಲಿದೀಯ?"

"ಬಾಗಿಲ ಹತ್ರ ಬಂದಿದಾಳೆ. ಕೈ ತೆಗಿ."

"ತೆಗೆಯಲ್ಲ. ಇನ್ನೂ ಕಥೆ ಇದೆ. ನಮ್ಮಮ್ಮ ಕದ್ದಿದ್ಲು."

ಅಜ್ಜ ಮಷಿನ್ ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ಅವರ ಮೇಜಿನ ಮೇಲೇ ಪುಸ್ತಕ ಬಿಚ್ಚಿ ಹೊಲಿಯಲು ಕೂತೆ. ಇಪ್ಪತ್ತೆರಡು ವರ್ಷದ ಕೈ, ಮೂರು ಸಲ ಸೂಜಿ ಚುಚ್ಚಿಕೊಂಡಿತು.

ಮುಗಿಸಿ ಕೊಟ್ಟೆ. ಇಬ್ಬರೂ ತಲೆಗೆ ತಲೆ ತಾಗಿಸಿ ಓದತೊಡಗಿದರು. ಸ್ವಲ್ಪ ಹೊತ್ತು ನಿಂತು, "ಮನೆಗೆ ಹೋಗೋಣವೇನೇ?" ಅಂದೆ.

"ನೀನು ಹೋಗು," ಅಂದಳು. ತಲೆ ಎತ್ತಲಿಲ್ಲ.

ಅಷ್ಟು ದಿನ ನನ್ನನ್ನು ಕಣ್ಣಳತೆ ದಾಟಲು ಬಿಡದವಳು. ನನಗೆ ಬೇಕಾಗಿದ್ದದ್ದೂ ಅದೇ ಮಾತು. ಆದರೂ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಅಜ್ಜ ಕಾಲಿನಿಂದಲೇ ಒಂದು ಸ್ಟೂಲನ್ನು ನನ್ನ ಕಡೆಗೆ ತಳ್ಳಿ, ಮತ್ತೆ ಮಷಿನ್ ತುಳಿಯತೊಡಗಿದರು.