ಬಾಯಿ ತುಂಬ ನೀರು ಹಿಡಿದ ಅಪ್ಪ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ನನ್ನ ಅಭ್ಯಾಸದ ಪ್ರಕಾರವಾದರೆ ಬೆಳಗಿನಿಂದ. ಬಯಲಿನ ಮೇಲೆ ಮಂಜು, ಹೊಲದ ಬದುವಿನಲ್ಲಿ ಒದ್ದೆ ಹುಲ್ಲು, ಹುಲ್ಲಿನ ಮೇಲೊಂದು ಮಿಡತೆ, ಹಾರಬೇಕೋ ಬೇಡವೋ ಎಂದು ಮಿಡತೆಯ ಯೋಚನೆ. ಅದು ಹಾರುವಷ್ಟರಲ್ಲಿ ನಾನು ಪುಟಗಟ್ಟಲೆ ಬರೆದಿರುತ್ತೇನೆ. ಮೊದಲ ಡ್ರಾಫ್ಟು ಹಾಗೇ ಆಯಿತು. ಓದಿದ ಹೆಂಡತಿ, "ಮಿಡತೆ ಚೆನ್ನಾಗಿದೆ. ಹುಡುಗಿ ಯಾವಾಗ ಬರ್ತಾಳೆ?" ಎಂದಳು.

(ಮಿಡತೆಯ ಕ್ಷಮೆ ಕೇಳಿ ಆ ಪುಟಗಳನ್ನು ಎತ್ತಿಟ್ಟಿದ್ದೇನೆ.)

ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಹುಡುಗಿಯನ್ನು ಮನೆಯವರು ಚೂಟಿ ಎನ್ನುತ್ತಾರೆ. ಕೈ ಚುರುಕು, ನಾಲಿಗೆ ಚುರುಕು, ಮರ ಹತ್ತುವುದರಲ್ಲಿ ಮಂಗನನ್ನೇ ಕೆಳಗಿಳಿಸಿಯಾಳು. ಓದುವುದೊಂದು ಬಾರದು. ರಜೆ ಶುರುವಾಗುವುದರೊಳಗೆ ಒಂದು ಪುಟವನ್ನು ಯಾರ ಸಹಾಯವೂ ಇಲ್ಲದೆ ಓದಬೇಕು. ಇಲ್ಲವಾದರೆ ಮುಂದಿನ ವರ್ಷವೂ ಅದೇ ಕ್ಲಾಸು, ತನಗಿಂತ ಚಿಕ್ಕ ಮಕ್ಕಳ ಜೊತೆ. ಒಂದೇ ಬೆಂಚಿನಲ್ಲಿ ಕೂರುವ ಗೆಳತಿ ಮುಂದೆ ಹೋಗುತ್ತಾಳೆ. ಈ ಕಥೆಯಲ್ಲಿರುವ ಸಸ್ಪೆನ್ಸ್ ಇಷ್ಟೇ: ಓದುತ್ತಾಳೋ, ಇಲ್ಲವೋ.

೨

ಅಪ್ಪನದು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಲಾರಿಗಳಿಂದ ಒದ್ದೆ ಚೀಲಗಳು ಇಳಿಯುತ್ತವೆ. ಮಣ್ಣಿನ ವಾಸನೆ, ಕೊಳೆತ ಸೊಪ್ಪಿನ ವಾಸನೆ, ತಕ್ಕಡಿಯ ಮೇಲೆ ಕಾಲೂರಿದ ಪಾರಿವಾಳ. (ಇಲ್ಲಿ ನಿಲ್ಲುತ್ತೇನೆ. ಪಾರಿವಾಳಕ್ಕೂ ಮಿಡತೆಯ ಗತಿ ಬರುವುದು ಬೇಡ.) ರಾಶಿಯ ಮುಂದೆ ಅಪ್ಪ ನಿಂತು ಬೆಲೆ ಕೂಗಿದರೆ ಆಚೆ ರಸ್ತೆಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ. ವ್ಯಾಪಾರಿಗಳು ಸುಮ್ಮನಾದರೆ ಸಾಕು, ಅವನು "ಒಂದು ಸಲ, ಎರಡು ಸಲ" ಎಂದು ಆ ಮೌನವನ್ನು ತುಂಬುತ್ತಾನೆ. ಯಾರೂ ಮಾತಾಡದ ಕ್ಷಣ ಅವನ ಕಸುಬಿನಲ್ಲಿ ನಷ್ಟ.

ಈ ಜಾಗಕ್ಕೆ ಬಂದಾಗ ಅಪ್ಪ ಕಥೆಯೊಳಗಿನಿಂದ ನನ್ನನ್ನು ತಡೆದ.

"ಹಳೇ ಡ್ರಾಫ್ಟಲ್ಲಿ ನನ್ನ ಗಂಟಲನ್ನ ಕತ್ತೆಗೆ ಹೋಲಿಸಿದ್ರಂತೆ."

"ಅದನ್ನ ತೆಗೆದೆ ಕಣಯ್ಯ."

"ಯಾಕೆ ತೆಗೆದ್ರಿ? ಕತ್ತೆ ಕೂಗು ಎಷ್ಟು ದೂರ ಕೇಳುತ್ತೆ ಗೊತ್ತಾ? ಇರ್ಲಿ ಬಿಡಿ. ಇಲ್ಲಿ ನಾಯಿನಾದ್ರೂ ಇದೆಯಲ್ಲ."

೩

ಈಗ ಮನೆ. ಮಾರುಕಟ್ಟೆಯ ಹಿಂದಿನ ಬೀದಿ, ತಗಡಿನ ಮಾಡು, ನಡುಮನೆಯಲ್ಲಿ ಒಂದು ಮೇಜು. ಅಮ್ಮ ಮೂಲೆಯಲ್ಲಿ ಕುಳಿತು ಹರಿದ ಚೀಲಗಳಿಗೆ ದಬ್ಬಣದಿಂದ ಹೊಲಿಗೆ ಹಾಕುತ್ತಾಳೆ. ಅದು ಅವಳ ಕೆಲಸ. ಮೇಜಿನ ಈ ಕಡೆ ಚೂಟಿ, ಆ ಕಡೆ ಅಪ್ಪ, ನಡುವೆ ಪಾಠದ ಪುಸ್ತಕ. ಚೂಟಿ ಓದುತ್ತಾಳೆ. ಹೌದು, ಓದುತ್ತಾಳೆ, ಹುರಿದ ಕಾಳು ಸಿಡಿದ ಹಾಗೆ ಪಟಪಟ.

(ಓದಲು ಬಾರದು ಎಂದಿರಲ್ಲ ಎಂದು ನೀವು ಹುಬ್ಬೇರಿಸಿದ್ದು ಕಾಣಿಸಿತು. ತಾಳಿ.)

ಶಾಲೆಯಲ್ಲಿ ಅದೇ ಪಾಠ, ಅದೇ ಹುಡುಗಿ. ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ಅಪ್ಪನಿಗೆ ಸಿಟ್ಟು ಬಂದು ಜಗಳಕ್ಕೆ ಹೋದ. ಶಾಲೆಯ ಲೈಬ್ರರಿ ಕೋಣೆಯಲ್ಲಿ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕಲಿಸುವವರು ಒಬ್ಬರಿದ್ದಾರೆ. ಮಕ್ಕಳ ಬಾಯಲ್ಲಿ ಅವರು ಓದಿಸೋ ಮೇಡಂ.

"ಮನೇಲಿ ನೀರು ಕುಡಿದ ಹಾಗೆ ಓದ್ತಾಳೆ ಮೇಡಂ. ಇಲ್ಲಿ ಬಂದ್ರೆ ಯಾಕೆ ಬಾಯಿ ಕಟ್ಟುತ್ತೆ? ನೀವು ಹೆದರಿಸ್ತೀರೇನೋ."

"ಹಾಗಾದ್ರೆ ಇಲ್ಲೇ ಓದಿಸಿ. ಮನೇಲಿ ಕೂರೋ ಹಾಗೇ ಕೂತ್ಕೊಳ್ಳಿ."

ಅಪ್ಪ ಎದುರಿಗೆ ಕುಳಿತ. ಚೂಟಿ ತಡೆಯಿಲ್ಲದೆ ಒಂದು ಪುಟ ಓದಿ ಮುಗಿಸಿದಳು. ಅಪ್ಪ ಎದೆಯುಬ್ಬಿಸಿ, "ನೋಡಿದ್ರಾ?" ಎಂದ.

"ನೋಡಿದೆ. ಈಗ ನೀವು ಆ ಕಪಾಟಿನ ಕಡೆ ತಿರುಗಿ ಕೂತ್ಕೊಳ್ಳಿ."

ಅವನು ತಿರುಗಿದ. ಓದು ನಿಂತುಹೋಯಿತು.

ಮೇಡಂ ಮೆಲ್ಲಗೆ ಹೇಳಿದರು. "ಅವಳು ಪುಸ್ತಕ ಓದ್ತಿಲ್ಲ. ನಿಮ್ಮ ಬಾಯಿ ಓದ್ತಿದಾಳೆ."

ನಿಜ. ವ್ಯಾಪಾರಿಗಳ ಕೈಯಲ್ಲಿನ ಚೀಟಿ ನೋಡಿ ನೋಡಿ ಅಪ್ಪ ತಲೆಕೆಳಗಾದ ಅಕ್ಷರವನ್ನೂ ಓದಬಲ್ಲ. ಮಗಳು ತಡವರಿಸುವ ಮೊದಲೇ ಅವನ ತುಟಿ ಆ ಪದದ ಆಕಾರಕ್ಕೆ ಬಂದಿರುತ್ತಿತ್ತು. ದೊಡ್ಡ ಬಾಯಿ, ಕೂಗಿ ಪಳಗಿದ ಬಾಯಿ; ಪ್ರತಿ ಅಕ್ಷರವೂ ಅದರ ಮೇಲೆ ಬೋರ್ಡು ಬರೆದಷ್ಟು ಸ್ಪಷ್ಟ. ಹುಡುಗಿಯ ಕಣ್ಣು ಪುಸ್ತಕದ ಮೇಲಿರಲೇ ಇಲ್ಲ.

ಇಲ್ಲಿ ಅಪ್ಪ ನಾಚಿಕೆಯಿಂದ ತಲೆ ತಗ್ಗಿಸಿದ ಎಂದು ಬರೆದಿದ್ದೆ. ಅವನು ಒಪ್ಪಲಿಲ್ಲ. ನಿಜವಾಗಿ ಅವನು ಹೇಳಿದ್ದು ಇದು: "ಎಷ್ಟು ಚೂಟಿ ನೋಡಿ ಮೇಡಂ. ಅದೂ ಒಂದು ಓದೇ ಅಲ್ವಾ?"

ಮೇಡಂ ನಕ್ಕರು. "ಓದೇ. ಅದನ್ನ ಕಲಿತವಳು ಇದನ್ನೂ ಕಲೀತಾಳೆ. ಆದ್ರೆ ಅವಳು ಹೋದ ಕಡೆಗೆಲ್ಲ ನಿಮ್ಮ ಬಾಯಿ ಬರಲ್ಲ."

೪

(ಇಲ್ಲಿ ಅಪ್ಪನ ಬಾಲ್ಯದ ಒಂದು ಫ್ಲ್ಯಾಷ್‌ಬ್ಯಾಕ್ ಇತ್ತು. ಅಳು ಬರಿಸುವಂಥದ್ದು. ಕಟ್ ಮಾಡಿದೆ. ಹುಡುಗಿಗೆ ಹೊತ್ತಾಗುತ್ತಿದೆ.)

೫

ಮೇಡಂ ಎರಡು ಕೆಲಸ ಹೇಳಿದರು, ಮಗಳಿಗೊಂದು, ಅಪ್ಪನಿಗೊಂದು.

ಮಗಳದ್ದು: ಪುಸ್ತಕವನ್ನು ಅವಳೇ ಆರಿಸಬೇಕು. ಯಾವುದೋ ಪುಟ ತೆರೆದು, ಬಿಡಿಸಲಾಗದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸುವುದು. ಪುಟ ಮುಗಿಯುವುದರೊಳಗೆ ಕೈ ಮುಷ್ಟಿಯಾದರೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಇನ್ನೊಂದನ್ನು ತೆಗೆಯುವುದು. ಚೂಟಿ ಮೊದಲ ದಿನ ತೆಗೆದದ್ದೆಲ್ಲ ಮುಷ್ಟಿಯೇ. ಕೊನೆಗೆ ಕೆಳಗಿನ ಸಾಲಿಗೆ ಬಂದು, "ಇವು ಪಾಪುಗಳ ಪುಸ್ತಕ" ಎಂದು ಮೂಗು ಮುರಿದಳು.

"ಯಾರದ್ದು ಅಂತ ಪುಸ್ತಕಕ್ಕೆ ಗೊತ್ತಿರಲ್ಲ. ಕಥೆ ಚೆನ್ನಾಗಿದೆಯಾ ಇಲ್ವಾ, ಓದಿ ಬಂದು ನಂಗೆ ಹೇಳು. ಚೆನ್ನಾಗಿಲ್ಲ ಅಂದ್ರೆ ಹಿಂದಿನ ಸಾಲಿಗೆ ಹಾಕ್ತೀನಿ."

ಪುಸ್ತಕದ ಮೇಲೆ ಅಧಿಕಾರ ಸಿಕ್ಕ ಕೂಡಲೇ ಚೂಟಿಯ ಮುಖ ಬದಲಾಯಿತು. ಒಂದರ ಹಿಂದೊಂದು ಒಯ್ದಳು. "ಇದ್ರಲ್ಲಿ ಮೊಲಕ್ಕೆ ಬುದ್ಧಿ ಇಲ್ಲ, ಹಿಂದಕ್ಕೆ ಹಾಕಿ" ಎಂದು ತೀರ್ಪು ಕೊಟ್ಟಳು. ಮೇಡಂ ಗಂಭೀರವಾಗಿ ಹಿಂದಕ್ಕೆ ಹಾಕಿದರು.

ಅಪ್ಪನದ್ದು ಕಷ್ಟದ ಕೆಲಸ: ಮಗಳು ನಿಂತಾಗ ಕಾಯುವುದು. ಅಷ್ಟೇ. ಪದ ಹೇಳಕೂಡದು, ತುಟಿ ಅಲ್ಲಾಡಿಸಕೂಡದು.

ಮೊದಲ ಸಂಜೆ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ ಪದ ಜಾರಿತು. ಮರುದಿನ ಬೆನ್ನು ತಿರುಗಿಸಿ ಕುಳಿತ. ಚೂಟಿ ತಡವರಿಸಿದಾಗ ಗೋಡೆಗೇ ಉತ್ತರ ಹೇಳಿಬಿಟ್ಟ.

"ಬಾಯಿ ಹೊಲಿಯೋದಕ್ಕೆ ನನ್ನ ಹತ್ರ ದಬ್ಬಣ ಇದೆ," ಅಮ್ಮ ಚೀಲದಿಂದ ತಲೆ ಎತ್ತದೆ ಹೇಳಿದಳು.

"ನಾಳೆ ಹರಾಜು ನೀನು ಕೂಗ್ತೀಯಾ ಹಾಗಾದ್ರೆ?"

"ಹೊಲಿಗೆ ಬೇಡ ಅಂದ್ರೆ ನೀರು ತುಂಬ್ಕೋ. ನುಂಗೋದೂ ಬೇಡ, ಉಗಿಯೋದೂ ಬೇಡ. ಅವಳ ಪುಟ ಮುಗಿಯೋವರೆಗೂ."

ಅವಳು ತಮಾಷೆಗೆ ಹೇಳಿದ್ದು. ಅಪ್ಪ ಎದ್ದುಹೋಗಿ ಲೋಟ ತಂದ.

ಅಂದಿನಿಂದ ಪ್ರತಿ ಸಂಜೆ ಅಪ್ಪ ಕೆನ್ನೆ ಉಬ್ಬಿಸಿಕೊಂಡು ಕಪ್ಪೆಯ ಹಾಗೆ ಮೇಜಿನ ಮುಂದೆ ಕೂರತೊಡಗಿದ. ಮೊದಲು ಚೂಟಿ ನಕ್ಕೂ ನಕ್ಕೂ ಪುಸ್ತಕ ಬೀಳಿಸಿದಳು. ಆಮೇಲೆ ಅಭ್ಯಾಸಬಲದಿಂದ ಕತ್ತೆತ್ತಿ ನೋಡಿದಳು. ಆ ಮುಖದಲ್ಲಿ ಓದಲಿಕ್ಕೆ ಏನೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಕಣ್ಣು ಪುಸ್ತಕಕ್ಕಿಳಿಯಿತು.

೬

ಇದನ್ನೆಲ್ಲ ಬರೆಯುವಾಗ ನಾನೊಂದು ತಪ್ಪು ಮಾಡುತ್ತಿದ್ದೆ. ಚೂಟಿ ಯಾವುದಾದರೂ ಪದದ ಮುಂದೆ ನಿಂತಳೆಂದರೆ ನಾನೇ ಮುಂದಿನ ವಾಕ್ಯ ಬರೆದು ಅವಳನ್ನು ದಾಟಿಸಿಬಿಡುತ್ತಿದ್ದೆ. "ಅವಳು ಸರಾಗವಾಗಿ ಓದಿದಳು." ಬರೆಯಲು ಎಷ್ಟು ಸುಲಭ.

ಒಂದು ದಿನ ಅವಳು ಪುಟದ ನಡುವಿನಿಂದಲೇ ಸಿಡುಕಿದಳು.

"ಅಪ್ಪಂಗೆ ನೀರು ಕೊಟ್ರಿ. ನಿಮಗೆ ಯಾರು ಕೊಡೋದು?"

"ನಾನು ಬರೀತಿದೀನಮ್ಮ, ಮಾತಾಡ್ತಿಲ್ಲ."

"ಅದೇ. ನಾನು ಓದೋದಕ್ಕೆ ಮುಂಚೆ ನಾನು ಓದಿದೆ ಅಂತ ಬರೀತೀರಿ. ಸುಮ್ನಿರಿ ಸ್ವಲ್ಪ."

ಹುಲ್ಲು ಬೆಳೆಯುವುದನ್ನು ಕಾದು ಕುಳಿತು ಬರೆಯುವವನು ನಾನು, ತಾಳ್ಮೆಗೆ ಹೆಸರಾದವನು. ಅಂಥ ನನಗೂ ಒಂದು ಮಗು ಪದದ ಮುಂದೆ ನಿಂತಾಗ ಕಾಯಲಾಗುವುದಿಲ್ಲವೆಂದು ತಿಳಿದದ್ದು ಆಗಲೇ. ಹಾಗಾಗಿ ಮುಂದಿನ ಭಾಗದಲ್ಲಿ ನನ್ನ ಕೈ ಕಟ್ಟಿಹಾಕಿಕೊಂಡಿದ್ದೇನೆ. ನೀವೂ ದಯವಿಟ್ಟು ಬಾಯಿ ಬಿಡಬೇಡಿ.

೭

ಆ ಸಂಜೆಯ ಪುಸ್ತಕ ಒಂದು ನರಿಯದ್ದು. ಚೂಟಿ ಬೆರಳಿಟ್ಟು ಓದುತ್ತಿದ್ದಳು.

"ಮುಳ್ಳುಬೇಲಿಗೆ... ಸಿಕ್ಕಿದ... ಬಾಲವನ್ನು..."

ಮುಂದಿನ ಪದ ಉದ್ದವಾಗಿತ್ತು. ನಿಂತಳು. ಅಪ್ಪನ ಕೆನ್ನೆ ಬಿಗಿಯಿತು. ಅಮ್ಮನ ದಬ್ಬಣ ಚೀಲದಲ್ಲಿ ಅರ್ಧಕ್ಕೇ ನಿಂತಿತು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಬಿಡಿಸಿಕೊಂಡು," ಎಂದಳು ಚೂಟಿ, ಊಹೆಯಿಂದ. "ಬಿಡಿಸಿಕೊಂಡು ನರಿ ಅಲ್ಲೇ ಕುಳಿತಿತು."

ತಪ್ಪು. ಅಪ್ಪನ ಕಣ್ಣುಗಳು ಹಿಗ್ಗಿದವು, ಕೆನ್ನೆಯೊಳಗೆ ನೀರು ಗುಳುಗುಳಿಸಿತು. ಆದರೂ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ.

ಚೂಟಿ ಮುಂದಿನ ಸಾಲಿಗೆ ಹೋದಳು, ನಿಂತಳು, ಹಣೆ ಗಂಟಿಕ್ಕಿದಳು. "ಬಿಡಿಸ್ಕೊಂಡಿದ್ರೆ ಅಲ್ಲೇ ಯಾಕೆ ಕೂತಿರುತ್ತೆ?" ಎಂದು ಯಾರನ್ನೂ ಕೇಳದೆ ಕೇಳಿದಳು. "ಓಡಿಹೋಗ್ಬೇಕಿತ್ತಲ್ಲ."

ಬೆರಳು ಹಿಂದಕ್ಕೆ ಬಂತು. ಹೆಬ್ಬೆರಳಿಂದ ಪದದ ಬಾಲ ಮುಚ್ಚಿದಳು. "ಬಿಡಿಸಿ." ಹೆಬ್ಬೆರಳು ಸರಿಯಿತು. "ಕೊಳ್ಳ." ಮತ್ತೆ ಸರಿಯಿತು. "ಲಾರದೆ." ಮೂರನ್ನೂ ಬಾಯೊಳಗೆ ಕೂಡಿಸಿ ನೋಡಿದಳು. "ಬಿಡಿಸಿಕೊಳ್ಳಲಾರದೆ. ಬಾಲವನ್ನು ಬಿಡಿಸಿಕೊಳ್ಳಲಾರದೆ ನರಿ ಅಲ್ಲೇ ಕುಳಿತಿತು. ಹ್ಞಾಂ, ಪಾಪ."

ಯಾರ ಮುಖವನ್ನೂ ನೋಡದೆ ಮುಂದಿನ ಸಾಲಿಗೆ ಹೋದಳು. ತಾನೇನು ಮಾಡಿದೆ ಎಂಬುದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳ ಚಿಂತೆಯೆಲ್ಲ ನರಿಯದ್ದು.

ಅಪ್ಪ ಬಾಯಲ್ಲಿದ್ದ ನೀರನ್ನು ಗಟಕ್ಕನೆ ನುಂಗಿದ.

೮

ಮರುದಿನದ ಹರಾಜಿನಲ್ಲಿ ಈರುಳ್ಳಿಯ ರಾಶಿಯ ಮುಂದೆ ನಿಂತು ಅವನು ಬೆಲೆಯ ನಡುವೆ ನರಿಯ ಕಥೆ ತುರುಕಿದನಂತೆ. "ತಾನೇ ಓದಿ, ತಾನೇ ತಪ್ಪು ಹಿಡಿದು, ತಾನೇ ತಿದ್ದಿದಳ್ರಪ್ಪ. ನಾನು ಉಸಿರೂ ಬಿಟ್ಟಿಲ್ಲ."

"ಈರುಳ್ಳಿ ಕೂಗಯ್ಯ," ಎಂದನಂತೆ ಒಬ್ಬ ವ್ಯಾಪಾರಿ. "ಮಗಳನ್ನ ಆಮೇಲೆ ಕೂಗು."

"ಈರುಳ್ಳಿ ದಿನಾ ಬರುತ್ತೆ ಮಾವ."

೯

ಇನ್ನು ಎಂಡಿಂಗು. ನನ್ನ ಬಳಿ ಕೆಲವು ಇದ್ದವು, ಚೂಟಿಗೆ ತೋರಿಸಿದೆ.

ಮೊದಲನೆಯದರಲ್ಲಿ ಅವಳು ಶಾಲೆಯ ವೇದಿಕೆ ಹತ್ತಿ ಮೈಕಿನ ಮುಂದೆ ಓದುತ್ತಾಳೆ. ಚಪ್ಪಾಳೆ. ಅಪ್ಪನ ಕಣ್ಣಲ್ಲಿ ನೀರು.

"ಮೈಕು ಅಪ್ಪಂಗೆ ಕೊಡಿ," ಎಂದಳು. "ನಂಗೆ ಬೇಡ."

ಇನ್ನೊಂದರಲ್ಲಿ ಇಪ್ಪತ್ತು ವರ್ಷ ಕಳೆದು ಅವಳೇ ಓದಿಸೋ ಮೇಡಂ ಆಗಿರುತ್ತಾಳೆ.

"ಮೊದ್ಲು ಈ ಕ್ಲಾಸು ದಾಟೋಕೆ ಬಿಡಿ. ಆಮೇಲೆ ಏನಾಗ್ಬೇಕು ಅಂತ ನಾನು ನೋಡ್ಕೋತೀನಿ."

(ವಿಮರ್ಶಕರಿಗಾಗಿ ಒಂದು ದುಃಖಾಂತ್ಯವನ್ನೂ ಮಾಡಿಟ್ಟಿದ್ದೆ. ಅವಳಿಗೆ ತೋರಿಸುವ ಧೈರ್ಯ ಬರಲಿಲ್ಲ.)

ಹೀಗೆ ಎಲ್ಲವನ್ನೂ ಕಳೆದುಕೊಂಡು ಬರಿಗೈಯಲ್ಲಿ ಪರೀಕ್ಷೆಯ ದಿನಕ್ಕೆ ಬಂದಿದ್ದೇನೆ.

೧೦

ಲೈಬ್ರರಿ ಕೋಣೆಯೊಳಗೆ ಮೇಡಂ ಮತ್ತು ಚೂಟಿ ಇಬ್ಬರೇ. ಅವಳು ಹಿಂದೆಂದೂ ನೋಡಿರದ ಪುಸ್ತಕ. ಅಪ್ಪನನ್ನು ಹೊರಗಿನ ಜಗಲಿಯ ಬೆಂಚಿನಲ್ಲಿ ಕೂರಿಸಿದ್ದಾರೆ, ಕಿಟಕಿಯಿಂದ ದೂರ. ಅವನನ್ನು ಒಬ್ಬನನ್ನೇ ಬಿಡಲಾಗದೆ ನಾನೂ ಪಕ್ಕದಲ್ಲಿ ಕುಳಿತೆ. ಒಳಗೆ ಹೋಗಿ ಅವಳ ಹೆಗಲ ಮೇಲಿಂದ ನೋಡಿ ನಿಮಗೆ ಹೇಳಬಹುದಿತ್ತು, ಬರೆಯುವವನಿಗೆ ಯಾವ ಬಾಗಿಲೂ ಅಡ್ಡಿಯಲ್ಲ. ಹೋಗಲಿಲ್ಲ.

ದನಿ ಕೇಳಿಸಿತು. ಪದಗಳು ತಿಳಿಯುತ್ತಿರಲಿಲ್ಲ, ಓದಿನ ನಡಿಗೆ ತಿಳಿಯುತ್ತಿತ್ತು. ನಡೆಯಿತು, ನಿಂತಿತು, ಹಿಂದೆ ಬಂತು, ಮತ್ತೆ ನಡೆಯಿತು. ಪ್ರತಿ ಸಲ ನಿಂತಾಗಲೂ ಅಪ್ಪನ ತುಟಿ ಅಲ್ಲಾಡಿತು. ಯಾವ ಪದವೆಂದು ಅವನಿಗೂ ಗೊತ್ತಿರಲಿಲ್ಲ.

ಆಮೇಲೆ ದನಿ ಪೂರ್ತಿ ನಿಂತಿತು.

ಕಾದೆವು. ಮತ್ತೆ ಕೇಳಲಿಲ್ಲ. ಇಷ್ಟು ಹೊತ್ತು ಅವಳು ಎಂದೂ ನಿಂತಿರಲಿಲ್ಲ. ಅಪ್ಪ ಬೆಂಚಿನ ಅಂಚನ್ನು ಹಿಡಿದ. "ಸಿಕ್ಕಿಹಾಕ್ಕೊಂಡಳು," ಎಂದ, ಪಿಸುದನಿಯಲ್ಲಿ. ಅವನಿಗೂ ಪಿಸುದನಿಯಿದೆಯೆಂದು ನನಗೆ ಅಂದೇ ತಿಳಿದದ್ದು. "ನೀವಾದ್ರೂ ಏನಾದ್ರೂ ಬರೀರಿ. ಒಂದೇ ಒಂದು ಪದ."

ಬರೆಯಲಿಲ್ಲ. ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

ಕೊನೆಗೆ ಇಬ್ಬರೂ ಎದ್ದು ಕಳ್ಳರ ಹಾಗೆ ಕಿಟಕಿಗೆ ಹೋದೆವು.

ಮೇಡಂ ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಎದುರಿಗಿದ್ದ ಹಾಳೆಯ ಮೇಲೆ ಬರೆದಾಗಿತ್ತು. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಿದ್ದರು. ಓದಬೇಕಾದ ಪುಟ ಎಂದೋ ಮುಗಿದಿತ್ತು. "ಸಾಕಮ್ಮ, ಪಾಸಾದೆ" ಎಂದು ಮೇಡಂ ಹೇಳಿದ್ದನ್ನು ಚೂಟಿ ಕೇಳಿಸಿಕೊಂಡಿರಲೂ ಇಲ್ಲವಂತೆ. ಅವಳು ಮುಂದಿನ ಪುಟದಲ್ಲಿದ್ದಳು. ಅಲ್ಲ, ಅದರ ಮುಂದಿನದರಲ್ಲಿ. ಬೆರಳು ಸಾಲಿನ ಮೇಲಿರಲಿಲ್ಲ. ತುಟಿ ಅಲ್ಲಾಡುತ್ತಿರಲಿಲ್ಲ. ಕಣ್ಣು ಮಾತ್ರ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ. ಯಾರಿಗೂ ಕೇಳಿಸದಂತೆ, ತನಗಾಗಿ.

ಅಪ್ಪ ಬಹಳ ಹೊತ್ತು ನೋಡಿದ. ಬೆನ್ನು ನೆಟ್ಟಗಾಯಿತು. ಆಮೇಲೆ ನನ್ನ ಕಡೆ ತಿರುಗಿದ.

"ಏನು ಓದ್ತಿದಾಳೆ?"

"ಗೊತ್ತಿಲ್ಲ."

"ಬರೆಯೋರು ನೀವಲ್ವಾ?"

"ಹೌದು. ಓದೋಳು ಅವಳು."

ಅವನು ತಲೆದೂಗಿದ. ಆ ಪುಟದಲ್ಲಿ ಏನಿತ್ತು, ಕಥೆ ಹೇಗೆ ಮುಗಿಯಿತು, ನನ್ನನ್ನು ಕೇಳಬೇಡಿ. ನಾವಿಬ್ಬರೂ ಇನ್ನೂ ಕಿಟಕಿಯಲ್ಲೇ ಇದ್ದೇವೆ. ಒಳಗೆ ಅವಳು ಯಾವುದೋ ಸಾಲಿಗೆ ಬಂದು ಸಣ್ಣಗೆ ನಕ್ಕಳು. ಯಾಕೆಂದು ತಿಳಿಯದೆ ಅಪ್ಪನೂ ನಕ್ಕ, ಸದ್ದಿಲ್ಲದೆ.