ಬೀರು ಕೊಟ್ಟು ತಂದ ಲೇತ್

ಗಂಗಪ್ಪ ಸತ್ತು ತಿಂಗಳು ತುಂಬುವ ಮೊದಲೇ ಅವನು ಮರ ಕಡೆಯುತ್ತಿದ್ದ ಲೇತ್ ಹರಪನಹಳ್ಳಿಯ ಗುಜರಿಗೆ ಹೋಯಿತು. ಮಗಳು ನಾಗಕ್ಕನಿಗೆ ಸುದ್ದಿ ಗೊತ್ತಾದದ್ದು ಮತ್ತೆರಡು ವಾರ ಕಳೆದ ಮೇಲೆ, ಅದೂ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮಾತಿನ ನಡುವೆ ಹೇಳಿದಾಗ. ತವರುಮನೆ ಅವಳ ಮನೆಯಿಂದ ಎರಡೇ ಓಣಿ ಆಚೆ. ಆದರೂ ಅಣ್ಣ ಮೌನೇಶ್ ಒಂದು ಮಾತು ಹೇಳಿರಲಿಲ್ಲ.

ಯಾಕೆ ಹೇಳಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಲವತ್ತು ವರ್ಷ ಆ ಲೇತಿನ ಮೇಲೆ ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ ಕಡೆದವನು ಗಂಗಪ್ಪ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ. ಮಗಳು ಮರದ ಸಿಪ್ಪೆ ಗುಡಿಸುತ್ತಾ ಕಲಿತಳು. ಹಾಸಿಗೆ ಹಿಡಿದ ಮೇಲೆ ಒಂದು ದಿನ, ನೋಡಲು ಬಂದ ನಾಲ್ಕು ಮಂದಿಯ ಎದುರಿಗೆ, "ಕೈ ನಮ್ಮ ನಾಗಿಗೆ ಬಂತು, ಮೌನೇಶಿಗೆ ಬರೀ ಮಷಿನ್ ಬಂತು" ಎಂದುಬಿಟ್ಟ. ಮೌನೇಶ್ ಹಾಲಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ತನ್ನ ಪ್ಲೈವುಡ್ ಅಂಗಡಿಗೆ ಹೋದವನು ಅಪ್ಪ ಸಾಯುವ ತನಕ ಆ ಕೋಣೆಗೆ ಕಾಲಿಡಲಿಲ್ಲ.

ಅದು ತೊಂಬತ್ತೆಂಟನೆಯ ಇಸವಿ. ಲೇತಿನ ಸುದ್ದಿ ಕೇಳಿದ ಮರುದಿನವೇ ನಾಗಕ್ಕ ಹರಪನಹಳ್ಳಿಯ ಬಸ್ಸು ಹತ್ತಿದಳು.

ಗುಜರಿ ಹುಲುಗಣ್ಣನ ಹಿತ್ತಿಲಲ್ಲಿ, ಹಳೆಯ ಪಂಪ್‌ಸೆಟ್ಟುಗಳ ನಡುವೆ ಲೇತ್ ಮಗುಚಿ ಬಿದ್ದಿತ್ತು. ಮೋಟಾರು ಆಗಲೇ ಯಾರಿಗೋ ಹೋಗಿತ್ತು. ಬೀಡು ಕಬ್ಬಿಣದ ನಾಲ್ಕು ಕಾಲುಗಳಲ್ಲಿ ಒಂದು ತುಂಡಾಗಿತ್ತು.

"ಒಡದು ಬೀಡು ಮಾಡು ಅಂತ ನಿಮ್ಮಣ್ಣ ಖುದ್ದು ಹೇಳಿ ಹೋಗ್ಯಾನ," ಎಂದ ಹುಲುಗಣ್ಣ ಕೂತಲ್ಲಿಂದಲೇ. "ಮನಿ ಮಂದಿ ಬಂದ್ರ ಕೊಡಬ್ಯಾಡ ಅಂತಾನೂ ಹೇಳ್ಯಾನ."

"ಮತ್ಯಾಕ ಒಡೀಲಿಲ್ಲ?"

"ಒಂದು ಏಟು ಹಾಕಿದ್ವಿ. ಸುತ್ತಿಗಿ ಹಿಡಿಕಿ ಮುರೀತು."

"ನನಗ ಬೇಕ್ರಿ ಇದು."

ಹುಲುಗಣ್ಣ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಹೆಣ್ಮಕ್ಕಳು ಇದನ್ನ ಒಯ್ದು ಏನ್ ಮಾಡ್ತೀರಿ, ಅರಿಬಿ ಒಣಗಾಕ್ತೀರೇನು? ಆತು, ತೂಕಕ್ಕ ತೂಕ. ಇದು ಎಷ್ಟು ತೂಗತೈತೋ ಅಷ್ಟು ಕಬ್ಬಿಣ ತಂದು ಒಗಿ, ಇದನ್ನ ಒಯ್ಯಿ. ಸೋಮವಾರದೊಳಗ ಬರಬೇಕು." ಇಷ್ಟು ಹೇಳಿದರೆ ಪೀಡೆ ತೊಲಗುತ್ತದೆ ಎಂದು ಅವನು ತಿಳಿದಿದ್ದ.

ನಾಗಕ್ಕನ ಮನೆಯಲ್ಲಿ ಅಷ್ಟು ತೂಕದ ಕಬ್ಬಿಣವೆಂದರೆ ಅವಳ ಮದುವೆಯಲ್ಲಿ ಮೌನೇಶ್ ಕೊಟ್ಟ ಬೀರು ಮತ್ತು ಮಂಚ ಮಾತ್ರ. ಹದಿನಾರು ವರ್ಷದಿಂದ ಅವನು ಆ ಬೀರುವಿನ ಮಾತು ಆಡದ ಹಬ್ಬವಿರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಬೀರುವಿನಿಂದ ಬಟ್ಟೆಗಳನ್ನು ಎಳೆದು ಹಾಕುವಾಗ ಗಂಡ ಪಕ್ಕೀರಪ್ಪ ಬಾಗಿಲಲ್ಲಿ ನಿಂತು ನೋಡಿದ.

"ಅರಿಬಿ ಎಲ್ಲಿಡಾಕಿ?"

"ಚೀಲದಾಗ."

"ಮಲಗೋದು?"

"ನೆಲ ಐತಲ್ಲ."

ಪಕ್ಕೀರಪ್ಪ ಬೈದುಕೊಂಡೇ ಬೀರುವಿನ ಒಂದು ಮಗ್ಗುಲಿಗೆ ಕೈ ಹಚ್ಚಿದ. ಎರಡನ್ನೂ ಟೆಂಪೋದಲ್ಲಿ ಹೇರಿಕೊಂಡು ಹರಪನಹಳ್ಳಿ ಮುಟ್ಟಿದರೆ ತೂಕದಲ್ಲಿ ಸ್ವಲ್ಪ ಕಡಿಮೆ ಬಿತ್ತು. ನಾಗಕ್ಕ ಕೈಚೀಲದಿಂದ ರೊಟ್ಟಿ ಸುಡುವ ಹಂಚು ತೆಗೆದು ತಕ್ಕಡಿಗೆ ಹಾಕಿದಳು. ಹುಲುಗಣ್ಣ ಹಂಚನ್ನೂ ಬಿಡಲಿಲ್ಲ.

ಲೇತ್ ಮನೆಯ ಹಿಂದಿನ ತಗಡಿನ ಚಪ್ಪರ ಸೇರಿತು. ಆಮೇಲಿನ ಎರಡು ತಿಂಗಳು ನಾಗಕ್ಕ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಇಟ್ಟಿಗೆ ಪುಡಿ ಹಾಕಿ ತುಕ್ಕು ಉಜ್ಜಿದಳು. ಬೆರಳ ತುದಿಯ ಚರ್ಮ ಸುಲಿದು ಅನ್ನ ಕಲಸಿದರೆ ಉರಿಯುತ್ತಿತ್ತು. ಮುರಿದ ಕಾಲಿಗೆ ಬೆಸುಗೆ ಹಾಕಿಸಲು ಹೋದರೆ ವೆಲ್ಡಿಂಗಿನವನು ಮುಖ ಎತ್ತಲಿಲ್ಲ. "ಮೌನೇಶಣ್ಣ ನನ್ನ ಖಾಯಂ ಗಿರಾಕಿ ಅದಾನವ್ವ. ನನ್ನ ಹೊಟ್ಟಿಮ್ಯಾಲೆ ಹೊಡೀಬ್ಯಾಡ." ಅವಳು ವಾಪಸು ಬಂದು ಒಣಗಿದ ಜಾಲಿ ದಿಮ್ಮಿಯೊಂದನ್ನು ಕೊಯ್ದು, ಅಳತೆಗೆ ಕೆತ್ತಿ, ಬೋಲ್ಟು ಬಿಗಿದು ಅದನ್ನೇ ಕಾಲು ಮಾಡಿದಳು. ಶಾಫ್ಟ್ ತಿರುಗುವ ಹಿತ್ತಾಳೆಯ ಬಳೆ, ಬುಶ್, ಸವೆದಿತ್ತು. ಹೊಸದನ್ನು ಹಗರಿಬೊಮ್ಮನಹಳ್ಳಿಗೆ ಹೋಗಿ ಮಾಡಿಸಿಕೊಂಡು ಬಂದಳು. ಅಲ್ಲಿ ಮೌನೇಶನ ಗಿರಾಕಿತನ ನಡೆಯುತ್ತಿರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ದುಡಿಯುವ ಪಕ್ಕೀರಪ್ಪ ಅಲ್ಲಿ ಮೂಲೆಗೆ ಬಿದ್ದಿದ್ದ ಮೋಟಾರೊಂದನ್ನು ಕೇಳಿ ತಂದು ಚಪ್ಪರದಲ್ಲಿ ದೊಪ್ಪನೆ ಇಳಿಸಿದ. "ಇಷ್ಟಕ್ಕೂ ತಿರುಗಲಿಲ್ಲ ಅಂದ್ರ ನೀನ ತಿರುಗ್ಸು," ಎಂದ.

ಕಷ್ಟವಾದದ್ದು ಕೊನೆಯ ಕೆಲಸ. ಮರದ ಒಂದು ತುದಿಯನ್ನು ತಿರುಗಿಸುವ ಮುಂದಿನ ಮೊನೆ, ಇನ್ನೊಂದು ತುದಿಯನ್ನು ಹಿಡಿದುಕೊಳ್ಳುವ ಹಿಂದಿನ ಮೊನೆ, ಎರಡೂ ಎದುರುಬದುರು ಕೂರಬೇಕು. ಹುಲುಗಣ್ಣನ ಸುತ್ತಿಗೆ ಏಟಿಗೆ ಮೈಯೆಲ್ಲ ಒಂದಿಷ್ಟು ತಿರುಚಿತ್ತು. ನಾಗಕ್ಕ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹಿಂದಿನ ಮೊನೆಯ ಅಡಿಗೆ ಒಂದೊಂದೇ ಪದರ ಕೊಟ್ಟು ಎತ್ತರಿಸಿದಳು.

ಲೇತಿಗೆ ಮೊದಲ ಮರ ಏರಿಸಿದ ದಿನ ಮಧ್ಯಾಹ್ನವೇ ಮೌನೇಶ್ ಬಂದ. ಒಳಮನೆ ಹಾಯ್ದೇ ಚಪ್ಪರಕ್ಕೆ ಬರಬೇಕು. ಬೀರು ಇದ್ದ ಗೋಡೆ ಬೋಳಾಗಿದ್ದನ್ನು ನೋಡಿಕೊಂಡೇ ಬಂದಿದ್ದ.

"ನಾ ಕೊಟ್ಟ ಬೀರು ಎಲ್ಲೈತಿ?"

ನಾಗಕ್ಕ ತಿರುಗುವ ಮರದಿಂದ ಉಳಿ ಎತ್ತಲಿಲ್ಲ. "ನೀ ಅಪ್ಪನ್ನ ಎಲ್ಲಿ ಮಾರಿದ್ಯೋ ಅಲ್ಲೇ ಐತಿ."

ಮೌನೇಶ್ ಗೋಡೆಯ ಸ್ವಿಚ್ಚು ಒತ್ತಿದ. ಮರ ತಿರುಗುತ್ತಾ ತಿರುಗುತ್ತಾ ನಿಂತಿತು. ಅವಳು ಹೋಗಿ ಮತ್ತೆ ಹಾಕಿದಳು. ಅವನು ಮತ್ತೆ ಆರಿಸಿದ.

"ಊರಾಗ ಮಂದಿ ಏನಂತಾರ ಗೊತ್ತೇನು? ಮೌನೇಶ ಮಷಿನ್ ಮಾರಿದ, ತಂಗಿ ಗುಜರಿಯಿಂದ ಹೆಕ್ಕಿ ತಂದ್ಲು ಅಂತಾರ. ನನ್ನ ಮಕ ಇಳಿಸಾಕ ಮಾಡೀಯಲ್ಲ ಇದನ್ನ?"

"ಹೌದು," ಎಂದಳು ನಾಗಕ್ಕ. "ಅದಕ್ಕೂ ಮಾಡೀನಿ."

ಮೂರನೆಯ ಸಲ ಅವಳು ಸ್ವಿಚ್ಚು ಹಾಕಿದಾಗ ಮೌನೇಶ್ ಆರಿಸಲಿಲ್ಲ. ತಲೆ ಒಂದು ಕಡೆ ವಾಲಿಸಿ, ಅಪ್ಪ ನಿಲ್ಲುತ್ತಿದ್ದ ಹಾಗೆಯೇ ನಿಂತು, ಮಷಿನ್ನಿನ ಸದ್ದು ಕೇಳಿದ.

"ಹಿಂದಿನ ಮೊನಿ ಒಂದು ಕೂದಲೆಳಿ ಮ್ಯಾಲೈತಿ," ಎಂದ. "ಕೈ ನಿನಗ ಬಂತು ಅಂದಿದ್ನಲ್ಲ ಮುದುಕ. ಕಿವಿ ಬರಲಿಲ್ಲೇನು?"

ಹಾಗೆಂದವನೇ ಮೇಜಿನ ಮೇಲಿದ್ದ ಅಗಲ ಉಳಿ ಎತ್ತಿಕೊಂಡು, ಮೋಟಾರಿನಿಂದ ಲೇತಿಗೆ ಹಾಯ್ದು ತಿರುಗುತ್ತಿದ್ದ ಚರ್ಮದ ಪಟ್ಟಿಗೆ ಅದರ ಬಾಯಿ ತಾಗಿಸಿದ. ಪಟ್ಟಿ ತುಂಡಾಗಿ ತಗಡಿಗೆ ಬಡಿಯಿತು. ಉಳಿಯನ್ನು ಇದ್ದಲ್ಲೇ ಇಟ್ಟು ಹೊರಟುಹೋದ.

ನಾಗಕ್ಕ ಅಳಲಿಲ್ಲ. ಪಟ್ಟಿಯ ಎರಡು ತುದಿ ಸೇರಿಸಿ ದಬ್ಬಣದಿಂದ ಹೊಲಿದಳು. ಆದರೆ ಉಳಿ ಹಿಡಿದ ಅವನ ಕೈಯನ್ನು ಅವಳು ನೋಡಿಬಿಟ್ಟಿದ್ದಳು. ಹಿಡಿಯ ಬುಡಕ್ಕೆ ಹೆಬ್ಬೆರಳು, ಮೊಣಕೈ ಪಕ್ಕೆಗೆ; ಒಂದೇ ತಾಗು, ಒಂದೇ ಕೊಯ್ತ. ಕೈ ಮೌನೇಶನಿಗೂ ಬಂದಿತ್ತು; ಅಪ್ಪ ಹೇಳಿದ್ದು ಸುಳ್ಳಾಗಿತ್ತು. ಸಿಟ್ಟಿನಲ್ಲೋ ನೋವಿನಲ್ಲೋ ಆಡಿದ ಆ ಸುಳ್ಳನ್ನೇ ಅವಳು ಈ ಎರಡು ತಿಂಗಳು ಎದೆಗವಚಿಕೊಂಡು ತುಕ್ಕು ಉಜ್ಜಿದ್ದಳು.

ಎಂಟು ದಿನ ಅವಳು ಹಿಂದಿನ ಮೊನೆಯನ್ನು ಮುಟ್ಟಲಿಲ್ಲ. ಕಡೆದ ತೊಟ್ಟಿಲ ಕಾಲುಗಳ ಮೈಮೇಲೆ ಸಣ್ಣ ಸಣ್ಣ ಅಲೆ ಬೀಳುತ್ತಿದ್ದವು. ಉಳಿ ಮಸೆದಳು, ಮರ ಬದಲಿಸಿದಳು, ಮೋಟಾರಿಗೆ ಬೈದಳು. ಒಂಬತ್ತನೆಯ ದಿನ ಪಕ್ಕೀರಪ್ಪ ಗಿರಣಿಗೆ ಹೋಗುವುದನ್ನೇ ಕಾದಿದ್ದು, ಬೋಲ್ಟು ಸಡಿಲಿಸಿ ಒಂದು ಪದರ ತಗಡು ಎಳೆದು ತೆಗೆದಳು. ಮಷಿನ್ ಸದ್ದೇ ಬದಲಾಯಿತು. ಸಿಪ್ಪೆ ರಿಬ್ಬನ್ನಿನ ಹಾಗೆ ಉದ್ದಕ್ಕೆ ಬಿಚ್ಚಿಕೊಂಡು ಬಂತು. ಅವಳಿಗೆ ಸಂತೋಷವಾಗಲಿಲ್ಲ. ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು.

ಸಂಜೆ ಪಕ್ಕೀರಪ್ಪ ಒಂದು ಕಾಲನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ. "ಇವತ್ತು ಕನ್ನಡಿ ಆಗೈತಲ್ಲ. ಏನ್ ಮಾಡಿದಿ?"

"ಉಳಿ ಮಸದೆ," ಎಂದಳು ನಾಗಕ್ಕ.

ಕೊಟ್ಟೂರಿನಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಅದನ್ನು ಮೌನೇಶ್ ನೋಡಿಕೊಂಡ. ಅವಳು ತಾನು ಕಡೆದ ಕಾಲುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹಡಗಲಿಗೆ ಹೋದಳು, ಹೊಳಲಿಗೆ ಹೋದಳು. ದೀಪಾವಳಿಯ ಹೊತ್ತಿಗೆ ಹಡಗಲಿಯ ತೊಟ್ಟಿಲ ವ್ಯಾಪಾರಿಯೊಬ್ಬ ತಿಂಗಳಿಗೆ ಇಪ್ಪತ್ತು ಜೊತೆ ಕೇಳತೊಡಗಿದ. ಆಗ ಮೌನೇಶ್ ಪಕ್ಕೀರಪ್ಪನ ಕೈಲಿ ಹೇಳಿ ಕಳಿಸಿದ: ಮಾಲನ್ನು ತನ್ನ ಅಂಗಡಿಯಿಂದ ಮಾರೋಣ, ಹಳೆಯದನ್ನು ಮರೆತುಬಿಡೋಣ.

"ಏನ್ ಹೇಳ್ಲಿ ಅವನಿಗೆ?" ಪಕ್ಕೀರಪ್ಪ ಕೇಳಿದ.

ಕೂದಲೆಳೆಯ ಮಾತು ನಿಜ ಎಂದು ಒಂದು ಸಲ ಒಪ್ಪಿಕೊಂಡಿದ್ದರೆ ಅಲ್ಲಿಗೆ ಜಗಳ ಮುಗಿಯುತ್ತಿತ್ತೇನೋ. ನಾಗಕ್ಕನ ನಾಲಿಗೆಯ ತುದಿಗೂ ಅದು ಬಂದಿತ್ತು.

"ನಾಗಕ್ಕ ಮನ್ಯಾಗ ಇದ್ದಿಲ್ಲ ಅಂತ ಹೇಳು," ಎಂದು ಅವಳು ಮತ್ತೊಂದು ಮರ ಏರಿಸಿದಳು.